ಪೊರೆ ಬಿಟ್ಟ ಜಟ್ಟಿ

“ನಿನ್ನೆಯೂ ಒಂದು ಏಡಿ ತಿಂತು ಆಂಟಿ. ನಾನೇ ಹಾಕಿದ್ದು,” ಎಂದ ಪವನ.

ಶೋಭಾ ಮಾತಾಡಲಿಲ್ಲ. ಅಕ್ವೇರಿಯಂ ಮುಂದೆ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಕೂತವಳು, ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರಕ್ಕೆ ಬಗ್ಗಿದ್ದಳು. ಬೆಂಕಿ ಬಿದ್ದ ಗೋದಾಮುಗಳ ಬೂದಿ ಕೆದಕಿ, ವಿಮೆ ಕಂಪನಿಗೆ ಸುಳ್ಳು ಲೆಕ್ಕ ಕೊಟ್ಟವರನ್ನು ಹಿಡಿಯುವುದರಲ್ಲೇ ನೌಕರಿ ಮುಗಿಸಿದ ಹೆಂಗಸು ಇವಳು. ನನ್ನ ಹೆಂಡತಿ. ಇವಳು ಹೀಗೆ ಸುಮ್ಮನಾದಳೆಂದರೆ ಎದುರಿಗಿದ್ದವನ ಗ್ರಹಚಾರ ನೆಟ್ಟಗಿಲ್ಲ ಎಂದು ಅರ್ಥ. ಮದುವೆಯಾದಂದಿನಿಂದ ಈ ಮೌನದ ರುಚಿ ನನಗೆ ಗೊತ್ತು.

“ತಿಂತು ಅಂದ್ರ, ಕಣ್ಣಾರೆ ನೋಡಿದೇನು?” ಎಂದಳು ಕೊನೆಗೆ.

“ಹೂಂ ಆಂಟಿ. ಟಕ್ ಅಂತ ಒಂದೇ ಏಟು. ಏಡಿ ಚೂರುಚೂರು.”

ನಾನೂ ಬಗ್ಗಿ ನೋಡಿದೆ. ಹೆಬ್ಬೆರಳಿನಷ್ಟು ದೊಡ್ಡ ಏಡಿಗಳು ಟ್ಯಾಂಕ್‌ಬಂಡ್ ಕೆರೆ ಏರಿಯ ಮೇಲೆ ಸಂಜೆಯ ಗಾಳಿ ತೆಗೆದುಕೊಳ್ಳಲು ಬಂದವರ ಹಾಗೆ ಮರಳಿನ ಮೇಲೆ ಅಡ್ಡಡ್ಡ ತಿರುಗಾಡುತ್ತಿದ್ದವು. ಒಂದಂತೂ ಕಲ್ಲಿನ ಮೇಲೆ ಕೂತು ನೆಮ್ಮದಿಯಾಗಿ ಮೀಸೆ ತೀಡಿಕೊಳ್ಳುತ್ತಿತ್ತು. ಹುಲಿಯ ಬೋನಿನಲ್ಲಿ ಕುರಿಗಳು ಮೇಯುವುದನ್ನು ಕಂಡಂತಾಯಿತು ನನಗೆ.

ಈ ಮಣಿಕೊಂಡದ ಫ್ಲಾಟಿನ ಯಶವಂತ, ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯ ಕುಂದಾಪುರದ ಹುಡುಗ, “ಗೋವಾಕ್ಕೆ ಹೋಗ್ತಿದ್ದೇನೆ, ಹುಡುಕಬೇಡಿ” ಎಂದು ಫೋನಿನಲ್ಲಿ ಮೂರು ಪದ ಹಾಕಿ ಕಾಣೆಯಾಗಿ ವಾರ ಕಳೆದಿತ್ತು. ಪೊಲೀಸರು ಆ ಮೂರು ಪದಗಳನ್ನು ನಂಬಿದ್ದರು. ನಂಬದವಳು ಒಬ್ಬಳೇ, ಬಾಗಿಲ ಬಳಿ ದುಪಟ್ಟದ ತುದಿ ತಿರುಚುತ್ತ ನಿಂತಿದ್ದ ಅವನ ತಂಗಿ ಅಪೂರ್ವ. ಶೋಭಾಳನ್ನು ಕರೆಸಿದವಳೂ ಅವಳೇ. ಅವಳ ವಾದವೂ ಒಂದೇ: ಜಟ್ಟಿಯನ್ನು ಬಿಟ್ಟು ಅಣ್ಣ ಗೋವಾಕ್ಕಲ್ಲ, ಗೇಟಿನಾಚೆಗೂ ಹೋಗುವವನಲ್ಲ.

ಜಟ್ಟಿ ಎಂದರೆ ಈ ತೊಟ್ಟಿಯ ಯಜಮಾನ. ಮ್ಯಾಂಟಿಸ್ ಸಿಗಡಿ. ಗೇಣುದ್ದದ ಪ್ರಾಣಿ. ಎದೆಯ ಮುಂದೆ ಎರಡು ಗದೆಗಳನ್ನು ಮಡಚಿಟ್ಟುಕೊಂಡು ಕೂತಿರುತ್ತದಂತೆ. ಬಿಚ್ಚಿ ಗುದ್ದಿದರೆ ಶಂಖವೂ ಒಡೆಯುತ್ತದೆ, ತೆಳು ಗಾಜೂ ಸೀಳುತ್ತದೆ. ಅದಕ್ಕೇ ಯಶವಂತ ಗಾಜು ಬೇಡವೆಂದು ದಪ್ಪ ಅಕ್ರಿಲಿಕ್ ತೊಟ್ಟಿ ಮಾಡಿಸಿದ್ದ. ಅದರ ಗುದ್ದಿನ ಸದ್ದು ಇಡೀ ಅಪಾರ್ಟ್‌ಮೆಂಟಿಗೆ ಪ್ರಸಿದ್ಧ. ನಾವು ಬರುವಾಗ ಲಿಫ್ಟಿನಲ್ಲಿ ಸಿಕ್ಕ ಕೆಳಗಿನ ಮನೆಯ ಕೋಕಿಲಾ ಕೂಡ ಅದೇ ಗೋಳು ತೋಡಿಕೊಂಡಿದ್ದಳು: “ಹಗಲು ರಾತ್ರಿ ಟಕ್ ಟಕ್ ಟಕ್. ನಮ್ಮ ತಲೆ ಮೇಲೇ ಕುಟ್ಟಿದ ಹಾಗಾಗುತ್ತೆ ನೋಡಿ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಬರೆದೂ ಬರೆದೂ ಸಾಕಾಯ್ತು.”

ಮರ್ಯಾದಸ್ಥ ಹೆಂಗಸು. ನನಗೆ ಅಯ್ಯೋ ಅನ್ನಿಸಿತ್ತು.

“ಪವನಾ, ಇಲ್ಲೆ ಬಾ,” ಎಂದಳು ಶೋಭಾ. “ನೀ ಹಾಕಿದ ಏಡಿ ಎಲ್ಲಾ ಇಲ್ಲೇ ಅದಾವ. ಗುದ್ದಿ ತಿಂದಿದ್ರ ಚಿಪ್ಪಿನ ಚೂರು ಬೀಳಬೇಕಿಲ್ಲೋ? ಒಂದರ ತೋರ್ಸು.”

ಪವನ ಬೆಂಗಳೂರಿನ ಹುಡುಗ, ಯಶವಂತನ ಜೊತೆ ಈ ಫ್ಲಾಟಿನಲ್ಲಿ ಬಾಡಿಗೆಗಿದ್ದವನು. ತೊಟ್ಟಿಯತ್ತ ನೋಡಿದ, ತಟ್ಟನೆ ಕಣ್ಣು ಹೊರಳಿಸಿದ.

“ಕ್ಲೀನ್ ಆಗಿರಬೇಕು ಆಂಟಿ. ಫಿಲ್ಟರ್ ಇದೆಯಲ್ಲ.”

“ಚಿಪ್ಪು ಫಿಲ್ಟರಿನ್ಯಾಗ ಹೋಗೂದಿಲ್ಲ. ಸುಳ್ಳು ಹೇಳಾಕತ್ತಿ. ಯಾಕ ಅನ್ನೋದಷ್ಟ ನನಗ ಗೊತ್ತಾಗಬೇಕು.”

ಅಷ್ಟರಲ್ಲಿ ಅಪೂರ್ವ ಮುಂದೆ ಬಂದುಬಿಟ್ಟಿದ್ದಳು. ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ಪವನನಿಗೇ ವಾಸಿ ಇತ್ತು.

“ದಿನಾ ಫೋನ್ ಮಾಡಿ ಕೇಳಿದ್ದೆ ನಾನು. ದಿನಾ ತಿಂತು ಅಂತ ಹೇಳಿದ್ದೀರಿ. ಇದೇ ಸುಳ್ಳಾದರೆ ಗೋವಾ ಸುದ್ದಿ ಎಷ್ಟು ನಿಜ? ಅಣ್ಣನಿಗೆ ಎಂತ ಮಾಡಿದ್ದೀರಿ?”

“ಏನೂ ಮಾಡಿಲ್ಲ. ದೇವರಾಣೆ.” ಹುಡುಗ ಸೋಫಾದ ಅಂಚಿಗೆ ಕುಸಿದ. “ನಂಗೆ ಅದನ್ನ ಕಂಡ್ರೆ ಭಯ. ಮುಚ್ಚಳ ಎತ್ತಿ ಏಡಿ ಒಳಗೆ ಬಿಸಾಕಿ ಕಿಚನ್ನಿಗೆ ಓಡಿಹೋಗ್ತೀನಿ. ಅದರ ಕಣ್ಣು ನೋಡಿದ್ದೀರಾ ನೀವು? ಒಂದೊಂದು ಒಂದೊಂದು ಕಡೆ ತಿರುಗುತ್ತೆ. ತಿಂದಿಲ್ಲ ಅಂದ್ರೆ ನೀವು ಅಳ್ತೀರಾ ಅಂತ, ತಿಂತು ಅಂದೆ. ಅಷ್ಟೇ.”

ನನಗೆ ನಗು ಬಂತು. ಶೋಭಾ ನೋಡಿದ ನೋಟಕ್ಕೆ ನುಂಗಿಕೊಂಡೆ.

“ಆದ್ರೆ ಟಕ್ ಟಕ್ ಸೌಂಡ್ ನಿಜ ಆಂಟಿ,” ಎಂದು ಅವನೇ ಮುಂದುವರಿಸಿದ. “ಅದು ಸುಳ್ಳಲ್ಲ. ಕಿಚನ್ನಲ್ಲಿ ನಿಂತ್ರೂ ಕೇಳುತ್ತೆ. ನೈಟೆಲ್ಲಾ ಕೇಳಿದ್ದೀನಿ. ಅದಕ್ಕೇ ತಾನೆ, ಏಡಿ ಒಡೀತಿದೆ ಅಂದ್ಕೊಂಡಿದ್ದು.”

ಶೋಭಾಳ ಹುಬ್ಬು ಮೇಲೇರಿತು. ಏರಿದ್ದು ಇಳಿಯಲಿಲ್ಲ.

ಅಪೂರ್ವ ಇದನ್ನೆಲ್ಲ ಕೇಳಿಸಿಕೊಂಡಂತೆ ಕಾಣಲಿಲ್ಲ. ತೊಟ್ಟಿಯ ಹಿಂಬದಿಗೆ ಹೋಗಿ ಕಲ್ಲುಗಳ ಸಂದಿಯನ್ನು ಹುಡುಕುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ಕೈ ಬಾಯಿಗೆ ಹೋಯಿತು.

ಕಲ್ಲಿನ ಮರೆಯಲ್ಲಿ, ಮೂಲೆಯ ಮರಳಿನ ಮೇಲೆ ಜಟ್ಟಿ ಮಗ್ಗುಲಾಗಿ ಬಿದ್ದಿತ್ತು. ಬಾಲ, ಕಾಲು, ಮಡಚಿದ ಗದೆ, ಎಲ್ಲವೂ ಇದ್ದವು. ಅಲುಗಾಟ ಮಾತ್ರ ಇರಲಿಲ್ಲ.

ಪವನ ಅಡುಗೆಮನೆಯಿಂದ ಜಾಲರಿ ಸೌಟು ತಂದುಕೊಟ್ಟ. ಅಪೂರ್ವ ಅದರಲ್ಲಿ ಮೆಲ್ಲಗೆ ಎತ್ತಿ ಸ್ಟೀಲಿನ ಬೋಗುಣಿಗೆ ಇಳಿಸಿದಳು. ಅಲ್ಲಿಯವರೆಗೆ ಹಿಡಿದಿಟ್ಟುಕೊಂಡಿದ್ದ ಅಳು ಆಗ ಒಡೆಯಿತು. ಸಿಗಡಿಗಾಗಿ ಅಲ್ಲ ಅದು. ಅಣ್ಣ ಜೀವದಂತೆ ನೋಡಿಕೊಂಡದ್ದು ಸತ್ತಿತೆಂದರೆ ಅಣ್ಣನ ಗತಿಯೂ ಇದೇ ಎಂದು ಅವಳ ಮನಸ್ಸು ಹೇಳುತ್ತಿತ್ತು. ಹಾಗೆಂದು ಬಾಯಿಬಿಟ್ಟೇ ಹೇಳಿದಳು.

ಶೋಭಾ ಸಮಾಧಾನ ಹೇಳುವ ಪೈಕಿ ಅಲ್ಲ. ಬೋಗುಣಿಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

“ತೂಕ ನೋಡ್ರಿ.”

“ಬೋಗುಣಿದಷ್ಟ ತೂಕ ಐತಿ.”

“ಹೌದಿಲ್ಲೋ. ಹಂಗಾರ ಒಳಗಿಂದು ಎಲ್ಲಿ ಹೋತು?”

ಬೆಳಕಿಗೆ ಹಿಡಿದೆವು. ಮೈಯೆಲ್ಲ ಪಾರದರ್ಶಕ. ನವಿಲಿನ ಬಣ್ಣದ ಪ್ರಾಣಿ ಎಂದು ಕೇಳಿದ್ದೆ. ಇದು ಬಣ್ಣ ತೊಳೆದುಹೋದ ಟ್ರೇಸಿಂಗ್ ಕಾಗದದ ಹಾಗಿತ್ತು. ಬೆನ್ನಿನ ಮೇಲೆ ಒಂದು ನೀಟಾದ ಸೀಳು.

ಅಪೂರ್ವ ಕಣ್ಣೊರೆಸಿಕೊಂಡು ಬೋಗುಣಿ ಕಸಿದುಕೊಂಡಳು. ಸೀಳಿನೊಳಗೆ ಕಿರುಬೆರಳಿನ ಉಗುರು ಹಾಕಿ ನೋಡಿದಳು. ಕಡಲ ದಡದಲ್ಲಿ ಏಡಿ ಹಿಡಿದು ಬೆಳೆದ ಹುಡುಗಿ. ಅಳು ಕಣ್ಣು ಕಟ್ಟಿರದಿದ್ದರೆ ಮೊದಲೇ ತಿಳಿಯುತ್ತಿತ್ತು.

“ಇದು ಜಟ್ಟಿ ಅಲ್ಲ ಮಾರಾಯ್ರೆ,” ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟ. “ಪೊರೆ. ನಮ್ಮಲ್ಲಿ ಏಡಿ ಬಿಡುವುದಿಲ್ಲವಾ, ಹಾಗೆ. ಒಳಗಿನವ ಇದನ್ನು ಕಳಚಿ ಹೋಗಿದ್ದಾನೆ.”

ಕೋಣೆಯೇ ಉಸಿರು ಬಿಟ್ಟ ಹಾಗಾಯಿತು. ಪವನ ಕೂಡ ಸೋಫಾದಿಂದ ಎದ್ದ.

“ಅಣ್ಣ ಫೋನ್ ಮಾಡಿದರೆ ಬೇರೆ ಮಾತೇ ಇರುವುದಿಲ್ಲ,” ಅಪೂರ್ವ ಗಬಗಬನೆ ಹೇಳತೊಡಗಿದಳು. “ಪೊರೆ ಬಿಡುವ ಮೊದಲು ಜಟ್ಟಿ ಊಟ ಬಿಡುತ್ತಾನಂತೆ. ಚಿಪ್ಪು, ಕಲ್ಲು ಎಲ್ಲ ಎಳೆದು ತಂದು ಬಿಲದ ಬಾಗಿಲು ಮುಚ್ಚುತ್ತಾನಂತೆ. ಬಿಟ್ಟ ಮೇಲೂ ಮೈ ಬೆಣ್ಣೆಯ ಹಾಗೆ ಮೆತ್ತಗೆ. ಗಟ್ಟಿಯಾಗುವವರೆಗೆ ಒಳಗೇ ಅಡಗಿರುತ್ತಾನೆ, ಒಂದು ಹುಳಕ್ಕೂ ಕೈ ಎತ್ತುವುದಿಲ್ಲ. ಎತ್ತಿದರೆ ಅವನ ಕೈಯೇ ಮುರಿಯುತ್ತದೆ ಅಂತ ಅಣ್ಣ...”

ಮಾತು ಅಲ್ಲೇ ನಿಂತಿತು. ತಾನು ಹೇಳಿದ್ದು ತನಗೇ ಈಗ ಕೇಳಿಸಿದ ಹಾಗೆ ಶೋಭಾಳ ಮುಖ ನೋಡಿದಳು.

ಶೋಭಾ ಆಗಲೇ ಟಾರ್ಚು ಹಚ್ಚಿದ್ದಳು. ತೊಟ್ಟಿಯ ಪಕ್ಕದಿಂದ ಬೆಳಕು ಬಿಟ್ಟಾಗ ಕಲ್ಲಿನಡಿಯ ಬಿಲ ಕಾಣಿಸಿತು. ಬಾಯಿಗೆ ಒಡೆದ ಶಂಖ, ಚಿಪ್ಪು, ಗೋಲಿಯಂಥ ಕಲ್ಲುಗಳನ್ನು ಒಟ್ಟಿ ಗೋಡೆ ಕಟ್ಟಿತ್ತು. ಯಾವ ಮೇಸ್ತ್ರಿಯೂ ಹೆಸರಿಡುವಂತಿರಲಿಲ್ಲ. ಒಂದು ಕಡೆ ಮಾತ್ರ ಸಣ್ಣ ಕಿಂಡಿ. ಅದರೊಳಗೆ ಹಸಿರು, ಕಿತ್ತಳೆ, ನೀಲಿ, ಹೊಚ್ಚಹೊಸ ಬಣ್ಣ. ಕಡ್ಡಿಯ ಮೇಲೆ ಕೂರಿಸಿದಂಥ ಎರಡು ಕಣ್ಣುಗಳಲ್ಲಿ ಒಂದು ಟಾರ್ಚನ್ನೂ ಇನ್ನೊಂದು ನನ್ನನ್ನೂ ನೋಡಿತು. ಗದೆಗಳು ಎದೆಗೆ ಮಡಚಿಕೊಂಡೇ ಇದ್ದವು.

ನನಗೆ ಪ್ರಾಣಿಗಳ ಹುಚ್ಚಿಲ್ಲ. ಆದರೂ ಆ ಕ್ಷಣ ಅದನ್ನು ನೋಡಿ ಮೈ ಜುಮ್ಮೆಂದಿತು. ಒಂದು ಪ್ರಾಣಿ ತನ್ನ ಮೈಯಿಂದ ತಾನೇ ಹೊರಬಂದು, ಹೊಸ ಮೈ ಗಟ್ಟಿಯಾಗಲೆಂದು ಬಾಗಿಲು ಹಾಕಿಕೊಂಡು ಕಾಯುತ್ತಿತ್ತು.

“ವಾರದಿಂದ ಒಂದೂ ಏಡಿ ಸತ್ತಿಲ್ಲ,” ಎಂದಳು ಶೋಭಾ ನಿಧಾನವಾಗಿ. “ಅಂದ್ರ ವಾರದಿಂದ ಇವ ಗುದ್ದೇ ಇಲ್ಲ. ಹಂಗಾದ್ರ ಪವನಾ, ನೀ ಕೇಳಿದ್ದು ಏನು?”

ಉತ್ತರ ತಾನಾಗಿಯೇ ಬಂತು.

ಟಕ್. ಟಕ್. ಟಕ್.

ನಾಲ್ವರೂ ಟಾರ್ಚಿನ ಬೆಳಕಿನಲ್ಲಿ ಜಟ್ಟಿಯನ್ನೇ ನೋಡುತ್ತಿದ್ದೆವು. ಅದು ಕದಲಲಿಲ್ಲ. ಮಡಚಿದ ಕೈ ಮಡಚಿದಂತೆಯೇ ಇತ್ತು.

ಟಕ್. ಟಕ್.

ಪವನ ನನ್ನ ತೋಳು ಹಿಡಿದುಕೊಂಡ. ನಾನು ಅವನ ಕೈ ಬಿಡಿಸಲಿಲ್ಲ. ನಿಜ ಹೇಳುತ್ತೇನೆ, ನನಗೂ ಯಾರನ್ನಾದರೂ ಹಿಡಿದುಕೊಳ್ಳಬೇಕಿತ್ತು.

“ಒಂದು ಲೋಟ ತಾ,” ಎಂದು ಶೋಭಾ ಪಿಸುಗುಟ್ಟಿದಳು. ಪವನ ತಂದ ಸ್ಟೀಲಿನ ಲೋಟವನ್ನು ಗೋಡೆಗೆ ಬೋರಲು ಹಚ್ಚಿ ಕಿವಿಯಿಟ್ಟಳು, ಬೇಡವೆಂದು ತಲೆಯಾಡಿಸಿದಳು. ಅಡುಗೆಮನೆಯ ಪೈಪಿಗೆ ಹಚ್ಚಿದಳು. ಅದೂ ಅಲ್ಲ. ಕೊನೆಗೆ ಸೀರೆ ಎತ್ತಿಕಟ್ಟಿ ನೆಲದ ಮೇಲೆ ಮಂಡಿಯೂರಿ, ತೊಟ್ಟಿಯ ಸ್ಟ್ಯಾಂಡಿನ ಪಕ್ಕ ಲೋಟ ಬೋರಲು ಹಾಕಿ ಕಿವಿ ಇಟ್ಟಳು. ಮಂಡಿನೋವೆಂದು ದಿನವೂ ನನ್ನಿಂದ ಎಣ್ಣೆ ತಿಕ್ಕಿಸಿಕೊಳ್ಳುವವಳು.

“ಕೆಳಗಿಂದ,” ಎಂದಳು. “ಯಾರೋ ಕೆಳಗಿನ ಮನೀ ಛತ್ತಿಗೆ ಬಡಿಯಾಕತ್ತಾರ. ಮ್ಯಾಲಿನವರಿಗೆ ಕೇಳಲಿ ಅಂತ.”

ಕೆಳಗಿನ ಮನೆ ಎಂದರೆ ಲಿಫ್ಟಿನ ಕೋಕಿಲಾಳದು. ಸದ್ದು ಮೇಲಿನಿಂದ ಬರುತ್ತದೆಂದು ಊರಿಗೆಲ್ಲ ಸಾರಿದವಳದು.

“ಪವನಾ, ನೆನಪು ಮಾಡ್ಕೊಂಡು ಹೇಳು. ಆಕಿ ಗ್ರೂಪಿನ್ಯಾಗ ಕಟಕಟಿ ಅಂತ ಬರಿಯಾಕ ಶುರು ಮಾಡಿದ್ದು ಯಾವಾಗ? ಯಶವಂತ ಇದ್ದಾಗಲೋ, ಹೋದಮ್ಯಾಲೋ?”

ಪವನ ಹಣೆ ಉಜ್ಜಿಕೊಂಡ. “ಹೋದ್ಮೇಲೆ. ಹೌದು ಆಂಟಿ, ಮಾರನೇ ದಿನದಿಂದ. ಅದಕ್ಕೆ ಮುಂಚೆ ಅವ್ರು ಒಂದ್ಸಲಾನೂ ಕಂಪ್ಲೇಂಟ್ ಮಾಡಿರ್ಲಿಲ್ಲ. ಯಶವಂತ ಇಲ್ದೆ ಬೋರಾಗಿ ಜಟ್ಟಿ ಜಾಸ್ತಿ ಕುಟ್ತಿದೆ ಅಂದ್ಕೊಂಡೆ.”

“ಜಟ್ಟೀನ ಎಲ್ಲಿಂದ ತಂದಿದ್ದ?”

“ಕೆಳಗಿನ ಗೋಪಿನಾಥ್ ಅಂಕಲ್ ಹತ್ರಾನೇ. ಕೋಕಿಲಾ ಆಂಟಿ ಹಸ್ಬೆಂಡು. ಅವ್ರದ್ದು ಅಕ್ವೇರಿಯಂ ಅಂಗಡಿ ಇದೆಯಲ್ಲ.”

ಅಪೂರ್ವ ಗೋಡೆಗೆ ಒರಗಿದಳು. “ಕಡೆಯ ಸಲ ಮಾತಾಡಿದಾಗ ಅಣ್ಣ ಒಂದು ವಿಷಯ ಹೇಳಿದ್ದ. ಜಟ್ಟಿಯನ್ನು ಕೊಂಡ ಅಂಗಡಿಯ ಗೋಡೌನಿನಲ್ಲಿ ಕಡಲಕುದುರೆಗಳನ್ನು ನೋಡಿದೆ, ಹಿಡಿದು ಮಾರುವುದು ಅಪರಾಧ, ಫೋಟೋ ತೆಗೆದಿದ್ದೇನೆ, ಅರಣ್ಯ ಇಲಾಖೆಗೆ ಕೊಡುತ್ತೇನೆ ಅಂತ. ಯಾವ ಅಂಗಡಿ ಅಂತ ಹೇಳಿರಲಿಲ್ಲ.”

“ಗೋವಾ ಸುದ್ದಿ ತಾವ ಕಳಿಸಿ ಅವನ್ನ ಕೆಳಗ ಕೂಡಿಹಾಕ್ಯಾರ. ಫೋಟೋ ಎಲ್ಲಿಟ್ಟಾನ ಅಂತ ಬಾಯಿ ಬಿಡೂ ತನಕ ಜೀವಂತ ಇಟ್ಟಿರ್ತಾರ,” ಎಂದಳು ಶೋಭಾ. “ಅವ ಬಾಯಿ ಬಿಟ್ಟಿಲ್ಲ, ಅದಕ್ಕ ಬಡಿಯಾಕತ್ತಾನ. ರೀ, ಲಿಂಗಣ್ಣಗ ಫೋನ್ ಹಚ್ರಿ. ಬಾಲ್ಕನಿಯೊಳಗ ನಿಂತು, ಸಣ್ಣಗ ಮಾತಾಡ್ರಿ. ನಿಮ್ಮ ದನಿ ಸಿಕಂದರಾಬಾದಿಗೆ ಕೇಳತೈತಿ.”

ಬೇರೆ ದಿನವಾಗಿದ್ದರೆ ಜಗಳ ಆಗುತ್ತಿತ್ತು. ತುಟಿಪಿಟಕ್ಕೆನ್ನದೆ ಬಾಲ್ಕನಿಗೆ ಹೋದೆ.

ಎಸ್‌ಐ ಲಿಂಗಣ್ಣ ಒಳ್ಳೆಯ ಮನುಷ್ಯ, ಆದರೆ ಸಂಜೆ ಹೊತ್ತಿನ ಗಚ್ಚಿಬೌಲಿ ಯಾರ ಒಳ್ಳೆಯತನವನ್ನೂ ಕೇಳುವುದಿಲ್ಲ. “ಅಂಕುಲ್, ಫ್ಲೈಓವರ್ ಮೀದ ಇರುಕ್ಕುಪೋಯಾನು,” ಎಂದ. ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡಿದ್ದಾನಂತೆ, ಮುಂದೊಂದು ಬಸ್ಸು ಕೆಟ್ಟು ನಿಂತಿದೆಯಂತೆ. ಬರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಸುಳಿವು ಕೊಡಬೇಡಿ ಎಂದ.

ಫೋನಿಟ್ಟು ಕೆಳಗೆ ನೋಡಿದೆ. ಗೇಟಿನೊಳಗೆ ಮೀನು ಸಾಗಿಸುವ ಮುಚ್ಚಿದ ವ್ಯಾನೊಂದು ಹಿಮ್ಮುಖವಾಗಿ ಬಂದು ನಿಂತಿತ್ತು. ಹಿಂದಿನ ಬಾಗಿಲು ತೆರೆದು ಇಬ್ಬರು ಒಂದು ನೀಲಿ ಪ್ಲಾಸ್ಟಿಕ್ ಪೀಪಾಯಿ ಇಳಿಸುತ್ತಿದ್ದರು. ಖಾಲಿ ಪೀಪಾಯಿ. ಅದರ ಎತ್ತರವನ್ನು ಕಣ್ಣಲ್ಲೇ ಅಳೆದೆ. ಒಬ್ಬ ಮನುಷ್ಯ ಮಂಡಿ ಮಡಚಿ ಕೂರುವಷ್ಟಿತ್ತು. ಪಕ್ಕದಲ್ಲಿ ನಿಂತು ಅವಸರ ಮಾಡುತ್ತಿದ್ದ ಬಕ್ಕತಲೆಯವನೇ ಗೋಪಿನಾಥ ಎಂದು ಪವನ ಹಿಂದಿನಿಂದ ಇಣುಕಿ ಹೇಳಿದ.

ಒಳಗೆ ಓಡಿಬಂದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪೂರ್ವ ನೆಲದ ಮೇಲೆ ಕೂತಾಗಿತ್ತು. ಕೈಯಲ್ಲಿ ಆ ಜಾಲರಿ ಸೌಟು. ಶೋಭಾ “ಬ್ಯಾಡ” ಎನ್ನುವುದಕ್ಕೂ ಅವಳು ಬಡಿಯುವುದಕ್ಕೂ ಸರಿಹೋಯಿತು.

ಅದು ಸುಮ್ಮನೆ ಕುಟ್ಟಿದ್ದಲ್ಲ. ಯಕ್ಷಗಾನದ ಚೆಂಡೆಯ ಪೆಟ್ಟು. ಸಣ್ಣವರಿದ್ದಾಗ ಊಟಕ್ಕೆ ಕೂತಾಗಲೆಲ್ಲ ಅಣ್ಣ ತಂಗಿ ಬಟ್ಟಲು ಕವುಚಿ ಹಾಕಿ ಬಡಿಯುತ್ತಿದ್ದರಂತೆ. ಅರ್ಧ ಇವಳು, ಉಳಿದರ್ಧ ಅವನು. ಅಪೂರ್ವ ತನ್ನ ಅರ್ಧ ಬಡಿದು ಕೈ ಎತ್ತಿ ಕಾದಳು.

ಫಿಲ್ಟರು ಗುಳುಗುಳು ಎನ್ನುತ್ತಿತ್ತು.

ಆಮೇಲೆ ನೆಲದಡಿಯಿಂದ ಉಳಿದರ್ಧ ಬಂತು. ಬಲವಿಲ್ಲದ ಪೆಟ್ಟುಗಳು, ಆದರೆ ತಾಳ ಒಂದಿಷ್ಟೂ ತಪ್ಪಿರಲಿಲ್ಲ.

ಅಪೂರ್ವ ನೆಲಕ್ಕೆ ಕೆನ್ನೆ ಇಟ್ಟಳು. “ಅಣ್ಣ ಇದ್ದಾನೆ,” ಎಂದಳು. ಅಷ್ಟೇ ಹೇಳಿದಳು. ಪವನ ಅಳುತ್ತಿದ್ದ. ಆ ಸಂತೋಷಕ್ಕೆ ಏನು ಮಾಡಬೇಕೋ ತಿಳಿಯದೆ ನಾನು ಶೋಭಾಳ ಬೆನ್ನು ತಟ್ಟಿದೆ. ಅವಳು ನನ್ನ ಕೈ ಹಿಡಿದು ತಡೆದಳು. ಅವಳ ಮುಖದಲ್ಲಿ ಸಂತೋಷ ಇರಲಿಲ್ಲ.

“ನಮಗ ಕೇಳಿದ್ದು ಕೆಳಗಿನವ್ರಿಗೂ ಕೇಳೇತಿ,” ಎಂದಳು.

ಬಾಗಿಲ ಗಂಟೆ ಸದ್ದು ಮಾಡಿತು.

ಶೋಭಾ ಕಣ್ಣಲ್ಲೇ ಎಲ್ಲರನ್ನೂ ಸ್ಥಳಕ್ಕೆ ಕೂರಿಸಿದಳು. ಅಪೂರ್ವಳನ್ನು ಎಬ್ಬಿಸಿ ಸೋಫಾಕ್ಕೆ, ಪವನನನ್ನು ಅಡುಗೆಮನೆಗೆ. ನಾನು ತೊಟ್ಟಿಗೆ ಬೆನ್ನು ಕೊಟ್ಟು ನಿಂತೆ. ಅವಳೇ ಹೋಗಿ ಬಾಗಿಲು ತೆರೆದಳು.

ಕೋಕಿಲಾ ನಿಂತಿದ್ದಳು. ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಒಂದು ಡಬ್ಬಿ, ಮುಖದ ತುಂಬ ನಗು.

“ಮತ್ತೆ ಶುರುವಾಯ್ತಲ್ಲ ನಿಮ್ಮ ಸಿಗಡಿ ಕಾಟ,” ಎಂದಳು. “ಈ ಸಲ ತಾಳ ಹಾಕ್ತಿರೋ ಹಾಗಿತ್ತು.”

“ಹೌದ್ರಿ, ನಮಗೂ ಸಾಕಾಗೇತಿ,” ಎಂದಳು ಶೋಭಾ, ಬಾಗಿಲಿಗೆ ಅಡ್ಡ ನಿಂತೇ. “ಏನ್ ಮಾಡೂದು, ಮೂಕಪ್ರಾಣಿ.”

“ಪರ್ವಾಲೇದು, ಪರವಾಗಿಲ್ಲ. ಇವತ್ತೊಂದು ದಿನ. ನಾಳೆಯಿಂದ ಶಬ್ದ ಇರಲ್ಲ ಬಿಡಿ.”

ನಾಳೆಯಿಂದ ಶಬ್ದ ಇರುವುದಿಲ್ಲವೆಂದು ಇವಳಿಗೆ ಹೇಗೆ ಗೊತ್ತು? ನನಗೆ ಪೀಪಾಯಿ ನೆನಪಾಯಿತು. ಅಪೂರ್ವ ಸೋಫಾದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಕೋಕಿಲಾ ಡಬ್ಬಿಯನ್ನು ಶೋಭಾಳ ಕೈಗೆ ತುರುಕಿ, ಪಕ್ಕದಿಂದ ಜಾರಿ ಒಳಗೆ ಬಂದೇಬಿಟ್ಟಳು. “ರವೆ ಉಂಡೆ. ತಗೊಳ್ಳಿ. ಒಂದ್ಸಲ ಆ ರಾಕ್ಷಸನ್ನ ನೋಡ್ಕೊಂಡು ಹೋಗ್ತೀನಿ.”

ನಾನು ಅಲುಗಾಡಲಿಲ್ಲ. ತೊಟ್ಟಿಯಷ್ಟು ಅಗಲ ನಾನಿಲ್ಲದಿದ್ದರೂ, ಹತ್ತಿರ ಹತ್ತಿರ ಇದ್ದೇನೆ. ಬಿಲವನ್ನಂತೂ ಮರೆಮಾಡಿದ್ದೆ. ಮರೆಮಾಡದೆ ಬಿಟ್ಟದ್ದು ಇನ್ನೊಂದಿತ್ತು. ಅವಳ ಕಣ್ಣು ನನ್ನನ್ನು ದಾಟಿ ಟೀಪಾಯಿಯ ಮೇಲಿಳಿಯಿತು. ಸ್ಟೀಲಿನ ಬೋಗುಣಿ ಅಲ್ಲೇ ಇತ್ತು.

ನಗು ಒಮ್ಮೆಲೇ ಹೋಗಲಿಲ್ಲ. ಮೊದಲು ಕಣ್ಣಿನಿಂದ, ಆಮೇಲೆ ತುಟಿಯಿಂದ ಹೋಯಿತು. ಬೇರೆ ಯಾವ ಹೆಂಗಸಾದರೂ ಸತ್ತ ಸಿಗಡಿಯೆಂದು ಮೂಗು ಮುಚ್ಚುತ್ತಿದ್ದಳು. ಇವಳು ಅಕ್ವೇರಿಯಂ ಅಂಗಡಿಯವನ ಹೆಂಡತಿ. ಹತ್ತಿರ ಹೋಗಿ, ಉಗುರಿನ ತುದಿಯಿಂದ ಬೆನ್ನಿನ ಸೀಳನ್ನು ಬಿಡಿಸಿ ನೋಡಿದಳು.

“ಯಾವಾಗ ಬಿಟ್ಟಿತು ಪೊರೆ?” ಎಂದು ಕೇಳಿದಳು. ದನಿ ಬಹಳ ಸಣ್ಣದಾಗಿತ್ತು.

ಆಗ ನೆಲದಡಿಯಿಂದ ಚೆಂಡೆಯ ಆ ತಾಳ ಮತ್ತೆ ಎದ್ದಿತು. ಈ ಸಲ ಅವನೇ ಶುರುಮಾಡಿದ್ದ, ತಂಗಿಯ ಉತ್ತರ ಬರಲೆಂದು. ನಾವು ಐದೂ ಜನ ಅದನ್ನು ಕೇಳುತ್ತ ನಿಂತೆವು. ಸಿಗಡಿಯ ತಲೆಗೆ ಕಟ್ಟಲು ಈಗ ಯಾರೂ ಬಾಯಿ ತೆರೆಯಲಿಲ್ಲ.

ಕೋಕಿಲಾ ತಿರುಗದೆಯೇ ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಬೆನ್ನ ಹಿಂದೆ ಕೈ ಚಾಚಿ ಬಾಗಿಲು ಮುಚ್ಚಿ ಚಿಲಕ ಹಾಕಿ, ನಾವ್ಯಾರೂ ಕೆಳಗಿಳಿಯದಂತೆ ಅದಕ್ಕೇ ಒರಗಿ ನಿಂತಳು. ಇನ್ನೊಂದು ಕೈಯಲ್ಲಿ ಫೋನು ಕಿವಿಗೆ ಹೋಗಿತ್ತು.

“ಏಮಂಡಿ, ಇಪ್ಪುಡೇ,” ಎಂದಳು ಗಂಡನಿಗೆ. ರೀ, ಈಗಲೇ.

ತಾಳ ಅರ್ಧಕ್ಕೆ ನಿಂತಿತು.